ನಮ್ಮ ಎರಡು ಬ್ಯಾಟ್ರಿಗಳು

ತಾಳವಾಡಿ ಸೀಮೆಯಲ್ಲಿ ಟಾರ್ಚಿಗೆ ಬ್ಯಾಟ್ರಿ ಎಂದೇ ಹೆಸರು. ಅದರೊಳಗೆ ಹಾಕುವುದು ಸೆಲ್ಲು. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಅಡುಗೆಯಮ್ಮ "ಸ್ವಾಮಿ, ಬ್ಯಾಟ್ರಿ ಹೋಗ್ಬುಟ್ಟದೆ" ಎಂದಾಗ ಓಡಿಹೋಗಿ ಜೀಪಿನ ಬಾನೆಟ್ ತೆರೆದು ನೋಡಿದ್ದೆವು. ಈಗ ನಮ್ಮ ಬಾಯಲ್ಲೂ ಅದೇ ಮಾತು ಬರುತ್ತದೆ. ಆದರೆ ನಾವು ಜೇಬಿನಲ್ಲಿ ಎರಡೆರಡು ಬ್ಯಾಟ್ರಿ ಇಟ್ಟುಕೊಂಡು ತಿರುಗುವುದನ್ನು ಕಂಡು ನಗುವವರು ಇದ್ದಾರೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂಬ ಮುಂಜಾಗ್ರತೆ ಎಂದು ಅವರು ತಿಳಿದಿದ್ದಾರೆ. ಕಾರಣ ಅದಲ್ಲ.

ಬಲ್ಬಿನ ಕಾಲದ ಟಾರ್ಚುಗಳು ನಿಮಗೆ ನೆನಪಿರಬಹುದು. ನಮ್ಮ ತಂದೆಯವರ ಮೂರು ಸೆಲ್ಲಿನ ಟಾರ್ಚಿನ ತಲೆಯನ್ನು ತಿರುಗಿಸಿದರೆ ಬೆಳಕು ಒಮ್ಮೆ ಚಿಕ್ಕದಾಗುತ್ತಿತ್ತು, ಒಮ್ಮೆ ಅಗಲವಾಗುತ್ತಿತ್ತು. ಒಳಗಿನ ಬಟ್ಟಲಿನಂಥ ಕನ್ನಡಿಗೆ ಒಂದು ನಾಭಿ ಇರುತ್ತದೆ. ಬಲ್ಬಿನ ತಂತಿ ಸರಿಯಾಗಿ ಅಲ್ಲಿದ್ದರೆ ಕಿರಣಗಳೆಲ್ಲ ಸಾಲುಗಟ್ಟಿ ನೇರವಾಗಿ ಹೋಗುತ್ತವೆ, ಸ್ವಲ್ಪ ಆಚೀಚೆ ಸರಿದರೆ ಚೆದುರುತ್ತವೆ. ಅಂದರೆ ಒಂದೇ ಟಾರ್ಚು ಎರಡು ಕೆಲಸ ಮಾಡುತ್ತಿತ್ತು, ಎರಡನ್ನೂ ಅರೆಬರೆಯಾಗಿ. ಆಮೇಲೆ ಎಲ್‌ಇಡಿ ಬಂತು. ಬಿಳಿ ಬೆಳಕಿನ ಎಲ್‌ಇಡಿಗೆ ಮೂಲವಾದ ನೀಲಿ ಎಲ್‌ಇಡಿಯನ್ನು ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂತು. ಹೆಬ್ಬೆರಳು ಗಾತ್ರದ ಟಾರ್ಚು ಈಗ ತಂದೆಯವರ ಟಾರ್ಚನ್ನು ನಾಚಿಸುತ್ತದೆ. ಆದರೆ ಜೇಬಿನ ಟಾರ್ಚುಗಳಲ್ಲಿ ಹೆಚ್ಚಿನವುಗಳ ತಲೆ ತಿರುಗುವುದಿಲ್ಲ. ದೂರ ಎಸೆಯುವ ಬೆಳಕೋ, ಹರಡುವ ಬೆಳಕೋ, ಕೊಳ್ಳುವಾಗಲೇ ತೀರ್ಮಾನ ಮಾಡಬೇಕು.

ಚಾಮರಾಜನಗರದ ಒಂದು ಅಂಗಡಿಯಲ್ಲಿ ನಾವು ತೀರ್ಮಾನ ಮಾಡಿದ್ದು ಕ್ಷಣಾರ್ಧದಲ್ಲಿ. ಅಂಗಡಿಯ ಹುಡುಗ ರಸ್ತೆಯಾಚೆಯ ಮೊಬೈಲ್ ಗೋಪುರದ ತುದಿಗೆ ಬೆಳಕು ಬಿಟ್ಟು ತೋರಿಸಿದ. "ಇನ್ನೂರು ಮೀಟರ್ ಹೊಡೀತದೆ ಸರ್" ಎಂದ. ಪೆಟ್ಟಿಗೆಯ ಮೇಲೂ ಹಾಗೆಯೇ ಅಚ್ಚಾಗಿತ್ತು. ಪಕ್ಕದಲ್ಲಿ ಅಷ್ಟೇ ಲುಮೆನ್ನಿನ ಇನ್ನೊಂದಿತ್ತು, ಅದಕ್ಕೆ ಬರೀ 70 ಮೀಟರು. ಯಾರು ತಾನೇ 70 ಮೀಟರಿನದನ್ನು ತೆಗೆದುಕೊಳ್ಳುತ್ತಾರೆ? ನಮ್ಮದು ಆನೆಗಳ ಸೀಮೆ ಬೇರೆ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡು ನಮ್ಮ ಹೊಲಗಳ ಅಂಚಿಗೇ ಇದೆ. ಜೋಳ, ಕಬ್ಬು, ಬಾಳೆಗೆ ಆನೆ ಇಳಿಯುವುದು ಇಲ್ಲಿ ಸುದ್ದಿಯೇ ಅಲ್ಲ. ದೂರದಿಂದಲೇ ಕಾಣುವುದು ಒಳ್ಳೆಯದಲ್ಲವೇ ಎಂದುಕೊಂಡೆವು.

ಒಂದು ನವೆಂಬರ್ ರಾತ್ರಿ ಕಾಯಿಲೆಯಲ್ಲಿದ್ದ ಅಜ್ಜಿಯೊಬ್ಬರಿಗೆ ಪರಮಪ್ರಸಾದ ಕೊಟ್ಟು ಹೊಲದ ಬದುವಿನ ಮೇಲೆ ಹಿಂದಿರುಗುತ್ತಿದ್ದೆವು. ನಾವು ಮುಂದೆ, ನಮ್ಮ ಉಪದೇಶಿಗಳು ಹಿಂದೆ. ಅವರಿಗೆ ಅರವತ್ತು ದಾಟಿತ್ತು, ಕಾಲಲ್ಲಿ ಹವಾಯಿ ಚಪ್ಪಲಿ. ಆನೆ ಇಳಿದಿದೆ ಎಂದು ಆ ಮನೆಯವರು ಹೇಳಿ ಕಳಿಸಿದ್ದರು. ನಾವು ಬೆಟ್ಟದ ಬುಡದ ಲಂಟಾನ ಪೊದೆಗಳ ಮೇಲೆ ಬೆಳಕು ಬಿಡುತ್ತಾ, ನಿಜ ಹೇಳಬೇಕೆಂದರೆ ಅಷ್ಟು ದೂರ ಹೋಗುವ ಬೆಳಕನ್ನು ನೋಡಿ ಖುಷಿಪಡುತ್ತಾ ನಡೆದೆವು. ಹಿಂದೆ ದೊಪ್ಪೆಂದು ಸದ್ದಾಯಿತು. ನೀರಿನ ಪೈಪು ಹೂಳಲು ತೋಡಿದ್ದ ಗುಂಡಿಯನ್ನು ನಾವು ಅರಿವಿಲ್ಲದೆಯೇ ದಾಟಿದ್ದೆವು. ಅವರು ಅದರೊಳಗೆ ಕಾಲಿಟ್ಟಿದ್ದರು.

ಕಣಕಾಲಿನ ಮೂಳೆ ಮುರಿದಿತ್ತು. ಎತ್ತಿ ಕೂರಿಸಿದಾಗ ಅವರು ನೋವಿನಲ್ಲೂ ಕೋಪಿಸಿಕೊಳ್ಳಲಿಲ್ಲ. "ನಿಮ್ ಬ್ಯಾಟ್ರಿ ಬೆಟ್ಟನೆಲ್ಲ ತೋರುಸ್ತು ಸ್ವಾಮಿ, ಗುಂಡಿ ತೋರುಸ್ನಿಲ್ಲ" ಎಂದರು, ಅಷ್ಟೇ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಜನರೆಲ್ಲ ಗುಂಡಿ ತೋಡಿಸಿದ ಹೊಲದವರ ಮೇಲೆ ಹರಿಹಾಯ್ದರು. ಮುಚ್ಚದೆ ಬಿಟ್ಟದ್ದು ತಪ್ಪು, ಆಸ್ಪತ್ರೆಯ ಖರ್ಚು ಅವರೇ ಕೊಡಲಿ ಎಂದರು. ನಾವು ಅಲ್ಲೇ ನಿಂತಿದ್ದೆವು, ಬಾಯಿ ಬಿಡಲಿಲ್ಲ. ಕೈಯಲ್ಲಿ ಬೆಳಕಿದ್ದವರು ನಾವೇ ಎಂದು ಹೇಳಲು ನಮಗೆ ಹನ್ನೆರಡು ದಿನ ಬೇಕಾಯಿತು. ಹೊಲದವರ ಮನೆಗೆ ಹೋಗಿ ಹೇಳಿದಾಗ ಅವರು "ಗುಂಡಿ ಮುಚ್ಚಬೇಕಾಗಿತ್ತು ಸ್ವಾಮಿ, ಅದು ನನ್ ತಪ್ಪೇಯ" ಎಂದು ಕಾಫಿ ತರಿಸಿದರು. ಖರ್ಚಿನಲ್ಲಿ ಅವರದೊಂದು ಪಾಲು, ನಮ್ಮದೊಂದು ಪಾಲು ಎಂದು ಮುಗಿಯಿತು. ಆ ಕಾಫಿ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಇದಾದ ಮೇಲೆ ಆ 70 ಮೀಟರಿನದನ್ನೂ ತಂದೆವು. ಉಪದೇಶಿಗಳು ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಗುರುಮನೆಯ ಜಗಲಿಯಲ್ಲಿ ಕೂತಿದ್ದರು. ಅವರೇ ತೀರ್ಪುಗಾರರು. ಒಂದು ಸಂಜೆಯೆಲ್ಲ ಅಂಗಳದಲ್ಲಿ ಎರಡನ್ನೂ ಪರೀಕ್ಷೆ ಮಾಡಿದೆವು.

ಮೊದಲನೆಯದರ ಪ್ರಖರ ಬೆಳಕು ಸುಮಾರು 7 ಡಿಗ್ರಿಯಷ್ಟೇ ತೆರೆದುಕೊಳ್ಳುತ್ತದೆ. ನೂರು ಮೀಟರಿನಾಚೆ ಅದು 12 ಮೀಟರು ಅಗಲ, ಒಂದು ಆನೆಗೆ ಧಾರಾಳ. ಆದರೆ ಎರಡು ಮೀಟರಿನ ದೂರದಲ್ಲಿ? ಉಪದೇಶಿಗಳು ಗೋಡೆಯ ಮೇಲೆ ಕೈಯಿಟ್ಟು ಅಳೆಯಲು ಹೇಳಿದರು. ಸರಿಯಾಗಿ ಒಂದು ಗೇಣು. ಅದರ ಸುತ್ತ ಮಬ್ಬು ಬೆಳಕು ಇರುತ್ತದೆ, ಇಲ್ಲವೆಂದಲ್ಲ. ಆದರೆ ನಮ್ಮ ಕಣ್ಣು ಆ ಪ್ರಖರವಾದ ಬಿಲ್ಲೆಗೆ ಹೊಂದಿಕೊಂಡು ಉಳಿದದ್ದನ್ನೆಲ್ಲ ಕತ್ತಲೆ ಎಂದೇ ಬಗೆಯುತ್ತದೆ. ಬದುವಿನ ಅಂಚಿನಲ್ಲಿ ಕೊಳಕುಮಂಡಲ ಸುರುಳಿ ಸುತ್ತಿ ಮಲಗಿದ್ದರೆ ಆ ಗೇಣಗಲದೊಳಗೆ ಅದು ಬರಬೇಕೆಂದೇನೂ ಇಲ್ಲ. ಎರಡನೆಯದು 60 ಡಿಗ್ರಿ ಹರಡುತ್ತದೆ. ಅದೇ ಎರಡು ಮೀಟರಿಗೆ ಎರಡೂಕಾಲು ಮೀಟರಿಗಿಂತ ಹೆಚ್ಚು ಅಗಲ. ದಾರಿ, ಅದರ ಎರಡೂ ಬದಿ, ಹಿಂದೆ ಬರುವವರ ಕಾಲು ಎಲ್ಲವೂ ಕಂಡವು.

ಪೆಟ್ಟಿಗೆಯ ಮೇಲಿನ 200 ಮೀಟರಿನ ಗುಟ್ಟೂ ಆಮೇಲೆ ತಿಳಿಯಿತು. ಟಾರ್ಚುಗಳ ಅಳತೆಗೆಂದು 2009ರಲ್ಲಿ ಅಮೆರಿಕದಲ್ಲಿ ಒಂದು ಮಾನದಂಡ ಮಾಡಿದ್ದಾರೆ. ಅದರ ಪ್ರಕಾರ ಬೆಳಕು ಕಾಲು ಲಕ್ಸ್‌ಗೆ, ಅಂದರೆ ಸುಮಾರಾಗಿ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಇಳಿಯುವ ಜಾಗದವರೆಗೂ ಅದರ ದೂರ ಎಂದು ಲೆಕ್ಕ. 200 ಮೀಟರಿನಾಚೆ ಸಿಗುವುದು ಬೆಳದಿಂಗಳು ಮಾತ್ರ. ಚೆನ್ನಾಗಿ ಕಾಣುವುದು ಅದರ ಅರ್ಧದಲ್ಲಿ, ಅಲ್ಲಿ ಬೆಳಕು ನಾಲ್ಕು ಪಟ್ಟು ಇರುತ್ತದೆ. ಹಾಗೆಯೇ ದೂರವನ್ನು ಇಮ್ಮಡಿ ಮಾಡಬೇಕಾದರೆ ಬೆಳಕಿನ ಮೊನೆ ನಾಲ್ಕು ಪಟ್ಟು ತೀಕ್ಷ್ಣವಾಗಬೇಕು. ಆ ತೀಕ್ಷ್ಣತೆಗೆ ಕ್ಯಾಂಡೆಲಾ ಎಂದು ಹೆಸರು. ಲುಮೆನ್ ಎಂದರೆ ಒಟ್ಟು ಬೆಳಕು. ಎರಡೂ ಟಾರ್ಚಿಗೆ ಒಟ್ಟು ಬೆಳಕು ಒಂದೇ, ಹಂಚಿದ ರೀತಿ ಬೇರೆ. ಗುರುಮಠದಲ್ಲಿ ನಮಗೆ ತತ್ವಶಾಸ್ತ್ರ ಓದಿಸಿದರು, ಇದನ್ನು ಓದಿಸಲಿಲ್ಲ.

ಮನೆಯೊಳಗಿನ ಸಂಗತಿ ಇನ್ನೂ ಬೇರೆ. ಕರೆಂಟ್ ಹೋದ ರಾತ್ರಿ ರೋಗಿಯ ಕೋಣೆಗೆ ದೂರದ ಬೆಳಕನ್ನು ತಂದರೆ ಪಾಪ, ಅವರ ಕಣ್ಣಿಗೆ ಸೂಜಿ ಚುಚ್ಚಿದಂತೆ. ಕತ್ತಲೆಗೆ ಪೂರ್ತಿ ಒಗ್ಗಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆ ಬೇಕು, ಅದನ್ನು ಕೆಡಿಸಲು ಒಂದು ಕ್ಷಣ ಸಾಕು. ಹರಡುವ ಟಾರ್ಚನ್ನು ಮೇಜಿನ ಮೇಲೆ ತಲೆ ಮೇಲಾಗಿ ನಿಲ್ಲಿಸಿದರೆ ಬೆಳಕು ಸುಣ್ಣದ ಮಾಳಿಗೆಗೆ ಬಡಿದು ಕೋಣೆಯೆಲ್ಲ ಮೆಲ್ಲಗೆ ತುಂಬುತ್ತದೆ. ಎರಡೂ ಕೈ ಖಾಲಿ ಇರುತ್ತವೆ, ಪುಸ್ತಕ ಹಿಡಿಯಬಹುದು. ಇದನ್ನು ತೋರಿಸಿದವರೂ ಉಪದೇಶಿಗಳೇ.

ಹಾಗೆಂದು ದೂರದ ಬೆಳಕನ್ನು ತೆಗಳಿದರೆ ಅನ್ಯಾಯವಾಗುತ್ತದೆ. ಕ್ರಿಸ್ಮಸ್ ಹೊತ್ತಿನ ಮಂಜಿನಲ್ಲಿ ಹರಡುವ ಬೆಳಕು ನಮ್ಮ ಮುಖದೆದುರೇ ಬಿಳಿ ಗೋಡೆ ಕಟ್ಟುತ್ತದೆ. ಆಗ ದೂರದ್ದನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿದರೆ ಒಂದಿಷ್ಟು ದಾರಿ ಕಾಣುತ್ತದೆ. ಇನ್ನೊಂದು ಸಲ ಹರಡುವುದನ್ನಷ್ಟೇ ಹಿಡಿದು ಹೋಗಿದ್ದೆವು. ಜೋಳದ ದಂಟು ಮುರಿಯುವ ಸದ್ದು ಕೇಳಿ ನಿಂತೆವು. ಬೆಳಕಿನ ಅಂಚಿನಾಚೆ ಏನೋ ಇದೆ, ಎಷ್ಟು ದೂರವೋ, ಯಾವ ಕಡೆ ಮುಖವೋ ಗೊತ್ತಿಲ್ಲ. ಟಾರ್ಚು ಆರಿಸಿ ಹಿಂದಕ್ಕೆ ಹೆಜ್ಜೆಯಿಡುತ್ತಾ ಬಂದೆವು. ಅಂದು ಆ 200 ಮೀಟರು ಬಹಳ ನೆನಪಾಯಿತು.

ಎಳೆದರೆ ಚಿಕ್ಕದಾಗುವ, ತಳ್ಳಿದರೆ ಅಗಲವಾಗುವ ಮಸೂರದ ಟಾರ್ಚು ತೆಗೆದುಕೊಳ್ಳಿ ಎಂದು ಅಂಗಡಿಯ ಹುಡುಗ ಸಲಹೆ ಕೊಟ್ಟ. ನಮಗೆ ಹಿಡಿಸಲಿಲ್ಲ. ಮುಂದಕ್ಕೆ ಎಳೆದಾಗ ಬೆಳಕಿನ ದೊಡ್ಡ ಪಾಲು ಒಳಗೇ ಸಾಯುತ್ತದೆ, ಸರಿಯುವ ಸಂದಿಯಲ್ಲಿ ಮಣ್ಣು, ಮಳೆನೀರು ಸೇರುತ್ತವೆ.

ಯಾವುದನ್ನು ಕೊಳ್ಳಲಿ ಎಂದು ನಮ್ಮ ಕುಟುಂಬಗಳವರು ಈಗ ಕೇಳುತ್ತಾರೆ. ಮನೆಗೆ ಒಂದೇ ಎಂದಾದರೆ ಹರಡುವುದು, ಅದೂ ಪೆನ್ ಸೆಲ್ಲಿನದು, ಏಕೆಂದರೆ ಅದು ಯಾವ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಅಟ್ಟಣೆಯ ಮೇಲೆ ಕೂತು ಹೊಲ ಕಾಯುವವರಿಗೆ ದೂರದ್ದು. ಇಬ್ಬರು ನಡೆಯುವಾಗ ನಾವು ಮಾಡುವುದು ಹೀಗೆ: ಮುಂದಿನವರ ಕೈಯಲ್ಲಿ ಹರಡುವುದು, ಕೆಳಮುಖವಾಗಿ. ಹಿಂದಿನವರ ಕೈಯಲ್ಲಿ ದೂರದ್ದು, ಸದ್ದು ಕೇಳುವವರೆಗೂ ಆರಿಸಿಯೇ ಇರಬೇಕು.

ಹಿಂದಿನವರು ಈಗ ನಮ್ಮ ಅಡುಗೆಯಮ್ಮನ ಮಗ. ಉಪದೇಶಿಗಳ ಕಾಲು ಕೂಡಿಕೊಂಡರೂ ಬದುವಿನ ಮೇಲೆ ನಡೆಯುವಷ್ಟು ಗಟ್ಟಿಯಾಗಲಿಲ್ಲ. ನಾವು ರಾತ್ರಿ ಹೊರಟರೆ ಅವರು ಗುರುಮನೆಯ ಜಗಲಿಗೆ ಬಂದು ಕೂರುತ್ತಾರೆ, ಎಷ್ಟು ಹೊತ್ತಾದರೂ ಎದ್ದು ಹೋಗುವುದಿಲ್ಲ. ಹಿಂದಿರುಗಿ ಗೇಟು ತೆಗೆಯುವಾಗಲೇ ಕೇಳುತ್ತಾರೆ, "ಹುಡ್ಗುನ್ಗೆ ಕಾಲಡಿ ಕಾಣ್ತಿತ್ತಾ ಸ್ವಾಮಿ?"