ಮೊಲಕ್ಕೆ ಮದ್ದು ಕುಡಿಸುವುದು

ನಾಯಿಗೆ ಗಾಯವಾದರೆ ಅದು ಕುಂಯ್‌ಗುಟ್ಟುತ್ತ ಯಜಮಾನನ ಕಾಲಬಳಿಗೆ ಬರುವುದು. ಮೊಲವಾದರೋ ಮೌನವ್ರತದ ಪ್ರಾಣಿ. ಬಳಲಿದ ಮೊಲದ ಮೇಲೆ ನರಿಹದ್ದುಗಳ ಕಣ್ಣು ಮೊದಲು ಬೀಳುವುದರಿಂದ, ನೋವನ್ನು ಅಡಗಿಸಿಕೊಳ್ಳುವುದೇ ಅದರ ಹುಟ್ಟುಗುಣವಾಗಿದೆ. ಇಂತಹ ಜೀವಿಯ ಗಾಯಕ್ಕೆ ಹತ್ತು ದಿನ ಶುಶ್ರೂಷೆ ಮಾಡಬೇಕಾಗಿ ಬಂದಾಗ ನಾವು ತಿಳಿದುಕೊಂಡ ಸಂಗತಿಗಳನ್ನು, ಮಕ್ಕಳ ಪ್ರೀತಿಗಾಗಿ ಮೊಲವನ್ನು ಸಾಕಿರುವ ವಾಚಕರ ಮುಂದೆ ಇಡುತ್ತಿದ್ದೇವೆ.

ನಮ್ಮದು ಕಾಡುಮೊಲವಲ್ಲ. ನಮ್ಮ ಹೊಲಗಾಡುಗಳ ಮೊಲವನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವಕಾಶವಿಲ್ಲ. ಮನೆಗಳಲ್ಲಿ ಬೆಳೆಯುವ ಬಿಳಿಯ ಮೊಲದ ಮೂಲವು ಸ್ಪೇನ್, ಪೋರ್ಚುಗಲ್ ದೇಶಗಳ ಕಡೆಯದು. ಬಿಲ ತೋಡಿ ಬದುಕುವ ಜಾತಿಯದು. ನಮ್ಮ ಮಗಳು ಇದಕ್ಕೆ ಕರ್ಪೂರವೆಂದು ಹೆಸರಿಟ್ಟಿದ್ದಳು. ಒಂದು ಸಂಜೆ ಹಿತ್ತಲಿಗೆ ನುಗ್ಗಿದ ಬೆಕ್ಕಿನ ಉಗುರು ತಗುಲಿ ಕರ್ಪೂರದ ತೊಡೆಯ ಮೇಲೆ ಎರಡು ಅಂಗುಲದಷ್ಟು ಚರ್ಮ ಸೀಳಿತು.

ಪಶುವೈದ್ಯರು ಸುತ್ತಲಿನ ಕೂದಲನ್ನು ಕತ್ತರಿಸಿ ಗಾಯವನ್ನು ಶುದ್ಧಿಮಾಡಿದರು. ಕೀವುಗಟ್ಟದಂತೆ ಒಂದು ದ್ರವೌಷಧವನ್ನು ದಿನಕ್ಕೆ 2 ಸಲ, ನೋವಿಗೆ ಇನ್ನೊಂದನ್ನು 1 ಸಲ ಕುಡಿಸಬೇಕೆಂದು ಕೊಟ್ಟರು. 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪನ್ನು ಬೆರೆಸಿ ಅದರಿಂದ ಗಾಯವನ್ನು ತೊಳೆಯಬೇಕು. ನೊಣ ಕೂರದಂತೆ ಕಾಯಬೇಕು, ಏಕೆಂದರೆ ನೊಣದ ಮೊಟ್ಟೆಗಳು ಒಂದೇ ದಿನದೊಳಗೆ ಹುಳುಗಳಾಗಬಲ್ಲವು. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮುಂತಾದ ಪೆನಿಸಿಲಿನ್ ವರ್ಗದ ಔಷಧಗಳನ್ನು ಮೊಲದ ಬಾಯಿಗೆ ಎಂದಿಗೂ ಹಾಕಕೂಡದೆಂದು ಅವರು ಒತ್ತಿ ಹೇಳಿದರು. ಅವು ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನು ಕೊಂದು ಮೊಲದ ಪ್ರಾಣಕ್ಕೇ ಕುತ್ತು ತರುವುವಂತೆ.

ಔಷಧವೇನೋ ಬಂದಿತು, ಕುಡಿಸುವ ಬಗೆ ಹೇಗೆ? ಮೊದಲನೆಯ ದಿನ ಅರ್ಧ ಮದ್ದು ಮನೆಯಾಕೆಯ ಸೆರಗಿಗೂ ಉಳಿದರ್ಧ ನಮ್ಮ ಅಂಗಿಗೂ ಸಂದಿತು. ಕರ್ಪೂರ ಬೀರುವಿನ ಕೆಳಗೆ ಸೇರಿ ಹಿಂಗಾಲಿನಿಂದ ನೆಲವನ್ನು ಬಡಿಯತೊಡಗಿತು. ಮಗಳು ಕಣ್ಣೀರು ತುಂಬಿಕೊಂಡು, "ಅಜ್ಜೀ, ಕರ್ಪೂರಕ್ಕೆ ಇನ್ನು ನಮ್ಮನ್ನು ಕಂಡರಾಗುವುದಿಲ್ಲವೆ?" ಎಂದು ಕೇಳಿದಳು.

ನಮ್ಮ ತಾಯಿಯವರು ನಕ್ಕು, "ನಿಮ್ಮಪ್ಪನಿಗೆ ಒಳಲೆಯಲ್ಲಿ ಹರಳೆಣ್ಣೆ ಕುಡಿಸಿದವಳು ನಾನು ಮಗು. ಅವನೇನು ನನ್ನನ್ನು ಬಿಟ್ಟು ಓಡಿಹೋದನೆ?" ಎಂದು ಒಂದು ಹಳೆಯ ಪಂಚೆಯನ್ನು ತಂದರು. ಎಳೆಗೂಸನ್ನು ಸುತ್ತುವಂತೆಯೇ ಮೊಲವನ್ನು ಸುತ್ತಿದರು, ಮುಖವೊಂದೇ ಹೊರಗೆ. ಬಿಲದ ಪ್ರಾಣಿಗೆ ಆ ಬೆಚ್ಚನೆಯ ಮರೆಯೇ ಧೈರ್ಯ ಕೊಟ್ಟಿತೆಂದು ತೋರುತ್ತದೆ, ಒದ್ದಾಟ ನಿಂತಿತು. ಮೊಲದ ಮೂಳೆಗಳು ಹಗುರ, ಹಿಂಗಾಲುಗಳ ಬಲ ಹೆಚ್ಚು. ಹಿಡಿತ ತಪ್ಪಿ ಒದ್ದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳುವುದುಂಟು. ಆದಕಾರಣ ಈ ಸುತ್ತುವಿಕೆ ಬರಿಯ ಅನುಕೂಲವಲ್ಲ, ರಕ್ಷೆಯೂ ಹೌದು.

ಕೂಸಿಗೂ ಮೊಲಕ್ಕೂ ಒಂದು ಭೇದವುಂಟು. ಕೂಸನ್ನು ಕಾಲಮೇಲೆ ಅಂಗಾತ ಮಲಗಿಸಿಕೊಳ್ಳುವ ರೂಢಿ ಇಲ್ಲಿ ಸಲ್ಲದು. ಮೊಲ ಹೊಟ್ಟೆಯ ಮೇಲೆಯೇ ಕುಳಿತಿರಬೇಕು. ಇಲ್ಲವಾದರೆ ಮದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಮುಂದಿನ ಹಲ್ಲುಗಳಿಗೂ ದವಡೆಯ ಹಲ್ಲುಗಳಿಗೂ ನಡುವೆ ಬರಿಯ ಎಡೆಯೊಂದಿದೆ. ಸೂಜಿ ತೆಗೆದ ಸಿರಿಂಜಿನ ತುದಿಯನ್ನು ಪಕ್ಕದಿಂದ ಅಲ್ಲಿಗೆ ಸೇರಿಸಿ ತೊಟ್ಟುತೊಟ್ಟಾಗಿ ಬಿಟ್ಟು, ನುಂಗಿದ ಮೇಲೆ ಮುಂದಿನದನ್ನು ಬಿಡಬೇಕು. ಎರಡನೆಯ ದಿನ ಒಂದು ತೊಟ್ಟೂ ಚೆಲ್ಲಲಿಲ್ಲ. ಮದ್ದು ಕೊಟ್ಟ ಕೈಯೇ ಒಡನೆ ಕೊತ್ತಂಬರಿ ಸೊಪ್ಪನ್ನೂ ಕೊಡಬೇಕೆಂಬುದು ತಾಯಿಯವರ ಕಟ್ಟಾಜ್ಞೆ.

ಮೂರನೆಯ ದಿನ ಸಂಜೆ ಕರ್ಪೂರ ಆ ಸೊಪ್ಪನ್ನೂ ಮುಟ್ಟಲಿಲ್ಲ. ಗೂಡಿನಲ್ಲಿ ಹಿಕ್ಕೆಯೂ ಇರಲಿಲ್ಲ. ಕಾಯಿಲೆಗೆ ಲಂಘನವೇ ಔಷಧವೆಂದು ನಂಬುವ ಜನ ನಾವು. ಮೊಲಕ್ಕೆ ಲಂಘನವೇ ಮೃತ್ಯು. ಅರ್ಧ ದಿನ ಹೊಟ್ಟೆಗಿಲ್ಲದಿದ್ದರೆ ಅದರ ಕರುಳಿನ ಚಲನೆ ನಿಲ್ಲತೊಡಗುವುದು. ವಾಂತಿಮಾಡುವ ಶಕ್ತಿಯನ್ನಂತೂ ಪ್ರಕೃತಿ ಅದಕ್ಕೆ ಕೊಟ್ಟೇ ಇಲ್ಲ. ರಾತ್ರಿಯೇ ವೈದ್ಯರ ಬಳಿಗೆ ಒಯ್ದೆವು. ನೋವೇ ಕಾರಣವೆಂದು ನಿರ್ಧರಿಸಿ, ಅವರು ನೋವಿನ ಮದ್ದನ್ನು ಹೆಚ್ಚಿಸಿ, ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಸಿರಿಂಜಿನಲ್ಲಿ ತಿನ್ನಿಸಲು ಹೇಳಿದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರಿಸಲಿಲ್ಲ. ಬೆಳಗಿನ ಜಾವ ಮಗಳು, "ಹಿಕ್ಕೆ! ಹಿಕ್ಕೆ!" ಎಂದು ಕೂಗುತ್ತ ಬಂದಾಗ, ನಿಧಿ ಸಿಕ್ಕಿದವರಂತೆ ಎಲ್ಲರೂ ಗೂಡಿನ ಬಳಿಗೆ ಓಡಿದೆವು.

ಹತ್ತು ದಿನಗಳಲ್ಲಿ ಗಾಯ ಕೂಡಿಕೊಂಡಿತು. ಅಷ್ಟರಲ್ಲಿ ಕರ್ಪೂರ ಪಂಚೆಯನ್ನು ಕಂಡರೆ ಓಡುವುದನ್ನು ಬಿಟ್ಟಿತ್ತು. ಮದ್ದು ಮುಗಿದೊಡನೆ ಮಗಳ ಕೈಯನ್ನು ಮೂಸಿ ಸೊಪ್ಪಿಗಾಗಿ ಕಾಯುತ್ತಿತ್ತು.

ಕಹಿಯನ್ನು ಕೊಡಬೇಕಾದವರು ಪ್ರೀತಿ ಕೆಡುವುದೆಂದು ಹಿಂಜರಿದರೆ ರೋಗಿ ಉಳಿಯುವುದಿಲ್ಲ. ಬಲಾತ್ಕಾರದಿಂದ ಕೊಟ್ಟರೆ ವಿಶ್ವಾಸ ಉಳಿಯುವುದಿಲ್ಲ. ಬಿಗಿಯಾಗಿಯೂ ನೋಯದಂತೆಯೂ ಹಿಡಿಯುವ ಕೈ ನಮ್ಮ ಮನೆಗಳ ಹಿರಿಯರಲ್ಲಿ ಇದ್ದೇ ಇದೆ. ವೈದ್ಯರ ಅರಿವಿನೊಡನೆ ಅದು ಸೇರಿದರೆ, ಮಾತು ಬಾರದ ಪ್ರಾಣಿಯೂ ತನ್ನ ಹಿತವನ್ನು ನಮ್ಮ ಕೈಗೆ ಒಪ್ಪಿಸೀತು.