ತಪ್ಪಿದ ತೂತು

ಕುಲುಮೆಯಲ್ಲಿ ನಮಗೆ ಅಲಗು ಸಿಗುತ್ತಿತ್ತು, ಹಿಡಿ ಸಿಗುತ್ತಿರಲಿಲ್ಲ. ಚಾಮರಾಜನಗರ-ಗುಂಡ್ಲುಪೇಟೆ ರಸ್ತೆಯ ಆಸುಪಾಸಿನ ನಮ್ಮೂರಲ್ಲಿ ನಾನು ಚಿಕ್ಕವನಿದ್ದಾಗ ಊರಿನವರು ಕುಲುಮೆ ಜಗುಲಿ ಮೇಲೆ ಕೂತು ಮಚ್ಚಿಗೆ ಹಿಡಿ ಹಾಕಿಸಿಕೊಂಡು ಹೋಗೋರು. ಕೇರಿಯವರು ಆಚೆ ನಿಂತು, ಎಸೆದ ಅಲಗು ಎತ್ತಿಕೊಂಡು ಬರಬೇಕು. ಅಸ್ಪೃಶ್ಯತೆಗೆ ಶಿಕ್ಷೆ ಅಂತ 1955ರಲ್ಲೇ ಕಾಯ್ದೆಯಾಗಿ 20 ವರ್ಷ ಕಳೆದಿತ್ತು. ಆಗ ಇದೆಲ್ಲ ಮೈಸೂರು ಜಿಲ್ಲೆ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲಾ ಕಚೇರಿ ಹತ್ತಿರ ಬಂತು, ಸರಿ. ಕುಲುಮೆ ಜಗುಲಿ ಯಾವತ್ತು ಹತ್ತಿರ ಬಂತೋ ನೀವೇ ಕೇಳಿ ನೋಡಿ. ಹಿಂಗಾಗಿ ಹಿಡಿ ಹಾಕೋ ಕೆಲಸ ಕೇರಿಯೊಳಗೇ, ನಮ್ಮಯ್ಯನ ಕೈಲೇ ಬೆಳೀತು.

ಹಿಡಿ ಕೆಟ್ಟ ಮಚ್ಚು ಕೂಲಿಯವನ ಕೈಯನ್ನೇ ಕಡಿಯುತ್ತೆ. ಪೇಟೆಗೆ ಕರೆಂಟಿನ ಡ್ರಿಲ್ಲು ಬಂದ ಮೇಲಿನ ಮಾತು. ನಮ್ಮ ಚಿಕ್ಕಪ್ಪ ಅಂಗಡಿಯೊಂದರಲ್ಲಿ ತೂತು ಹಾಕಿಸಿಕೊಂಡು ಬಂದ. ಅಲಗಿನ ಬಾಲಕ್ಕೆ ಮೂರು ತೂತು, ಎರಡು ಕಡೆಯ ಹಲಗೆಗೂ ಮೂರು ಮೂರು. ಹಲಗೆಗಳನ್ನ ಬೇರೆ ಬೇರೆಯಾಗಿ ಇಟ್ಟು ಕೊರೆದಿದ್ದರು. ಎರಡು ಕೂಡಿದವು, ಮೂರನೆಯದು ಎರಡು ಹಲಗೆಯಲ್ಲೂ ಒಂದೊಂದು ಕಡೆಗೆ ಅರ್ಧ ನೂಲು ಜಾರಿತ್ತು. ಸುತ್ತಿಗೇಲಿ ಬಡಿದು ಮೊಳೆ ತೂರಿಸಿಬಿಟ್ಟರು. ಮೊಳೆಯೇನೋ ಹೋಯ್ತು, ಒಳಗೆ ಮರದ ನಾರು ಸೀಳಿತ್ತು. ಕಬ್ಬು ಕಡಿಯುವಾಗ ಹಿಡಿ ಬಿಚ್ಚಿ ಅಲಗು ತಿರುಗಿ ಚಿಕ್ಕಪ್ಪನ ಹೆಬ್ಬೆರಳ ಬುಡ ಕುಯ್ದು ಹಾಕ್ತು. ಒಂದು ತಿಂಗಳು ಕೂಲಿ ಇಲ್ಲ. ಜಮೀನಿನವರು ಒಂದು ಸೇರು ರಾಗಿ ಕೊಡಲಿಲ್ಲ.

ಅಯ್ಯ ಹಿಡಿ ಬಿಚ್ಚಿ ನೋಡಿದ. ಒಂದು ಹಲಗೆ ಒಲೆಗೆ ಹೋಯ್ತು, ಇನ್ನೊಂದು ಗಟ್ಟಿಯಾಗಿತ್ತು. ದಿಂಡಿಗದ ತುಂಡು, ಬಿಸಾಕೋಕೆ ಮನಸ್ಸು ಬರಲಿಲ್ಲ. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೇಲೆ ಕಾಡಿನ ಕೋಲು ತರೋದೂ ನಿಂತಿತ್ತು.

“ಬಡಿಬ್ಯಾಡ ಕಲಾ, ಮೊದ್ಲು ಮುಚ್ಚು, ಆಮ್ಯಾಕೆ ಕೊರಿ” ಅಂತ ತಮ್ಮನಿಗೆ ಹೇಳ್ತಾ ಅದೇ ಮರದ ಚಕ್ಕೆಯಿಂದ ಗೂಟ ಕೆತ್ತಿದ. ಅಂಟು ಸವರಿ ತಪ್ಪಿದ ತೂತಿಗೆ ಮೆಲ್ಲಗೆ ಕೂರಿಸಿ ಒಂದು ದಿನ ಒಣಗಲು ಬಿಟ್ಟ. ಚರ್ಮ ಮೂಳೆ ಬೇಯಿಸಿ ಮಾಡೋ ಅಂಟು ಅದು. ಊರಿನವರ ಮಂಚ, ಪೆಟ್ಟಿಗೆ ಹಿಡಿದು ನಿಲ್ಲಿಸಿದ್ದೂ ಅದೇ. ಅಲ್ಲಿ ಅದಕ್ಕೆ ಮೈಲಿಗೆಯಿಲ್ಲ.

ಒಣಗಿದ ಮೇಲೆ ಗೂಟದ ತಲೆ ಕುಯ್ದು ಸಮ ಮಾಡಿ, ಹಲಗೆಯನ್ನ ಬಾಲಕ್ಕೆ ಬಿಗಿಯಾಗಿ ಕಟ್ಟಿದ. ಈ ಸಲ ಗುರುತು ಹಾಕಲಿಲ್ಲ, ಅಳತೆ ಹಿಡಿಯಲಿಲ್ಲ. ಕಬ್ಬಿಣದ ತೂತಿನೊಳಗಿಂದಲೇ ಬೈರಿಗೆ ಇಳಿಸಿದ, ಅದು ತೋರಿಸಿದ ದಾರೀಲೇ ಮರ ಕೊರೀತು. ಅರ್ಧ ಗೂಟ, ಅರ್ಧ ಮರ ಇರೋ ಕಡೆ ಬೈರಿಗೆ ಮೆತ್ತಗಿರೋ ಕಡೆಗೆ ಜಾರುತ್ತೆ. ಅದಕ್ಕೇ ಮೊದಲು ಸಣ್ಣ ಮೊನೆ, ಆಮೇಲೆ ದಪ್ಪದ್ದು. ಬೈರಿಗೆ ಹೊರಬೀಳೋ ಕಡೆ ಚಕ್ಕೆ ಏಳದ ಹಾಗೆ ಕೆಳಗೊಂದು ಹಳೇ ಮರದ ತುಂಡು. ಒಂದು ತೂತಾದ ತಕ್ಷಣ ಅದಕ್ಕೆ ಮೊಳೆ ತೂರಿಸಿಟ್ಟು ಇನ್ನೊಂದು ತೂತಿಗೆ ಹೋದ. ಹೊಸ ಹಲಗೆಯನ್ನ ಆಚೆ ಬದಿಗೆ ಕಟ್ಟಿ, ಕೊರೆದಿದ್ದ ತೂತುಗಳ ಒಳಗಿಂದಲೇ ಅದನ್ನೂ ಕೊರೆದ.

ಮೊಳೆ ಬೆರಳಲ್ಲಿ ತಳ್ಳಿದರೆ ಹೋಗಬೇಕು ಅನ್ನೋದು ಅವನ ಲೆಕ್ಕ. ಬಿಗಿ ಬಂದರೆ ಕಬ್ಬಿಣದ ತೂತನ್ನೇ ಉರುಟು ಅರದಲ್ಲಿ ಕೂದಲಷ್ಟು ಉಜ್ಜೋನು. ಆ ತೂತು ಹಲಗೆ ಕೆಳಗೆ ಮುಚ್ಚಿಹೋಗುತ್ತೆ, ದೊಡ್ಡದಾದರೂ ಯಾರ ಕಣ್ಣಿಗೂ ಬೀಳಲ್ಲ. ಕಮ್ಮಾರ ಬಾಲಕ್ಕೂ ನೀರು ಕೊಟ್ಟುಬಿಟ್ಟಿದ್ದರೆ ಮಾತ್ರ ಅರ ಹಿಡಿಯಲ್ಲ. ಆಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲ ಮಾತ್ರ ಕೆಂಪಗೆ ಕಾಯಿಸಿ, ಬೂದಿಯಲ್ಲಿ ತಣ್ಣಗಾಗಲು ಬಿಡಬೇಕು.

ಆ ಮಚ್ಚು ಚಿಕ್ಕಪ್ಪನ ಮನೆಯಲ್ಲಿ ಈಗಲೂ ಇದೆ. ಮೂರನೇ ಮೊಳೆಯ ಮಗ್ಗುಲಲ್ಲಿ ಗೂಟದ ಗುರುತು, ಹುಣ್ಣಿಮೆ ಕಳೆದ ಚಂದ್ರನ ಹಾಗೆ ಒಂದು ಬದಿ ಸವೆದು, ಕಪ್ಪಗೆ ಕಾಣುತ್ತೆ. ಸೊಸೆ ಅದರಲ್ಲೇ ಸೌದೆ ಸೀಳ್ತಾಳೆ.