ಗದ್ವಾಲದ ಉಸ್ತಾದ್ ಮತ್ತು ಎಂಟು ಟ್ಯಾಪೆಟ್‌ಗಳು

ನಾರಾಯಣಪೇಟೆ, ಮಕ್ತಲ್, ಗದ್ವಾಲ. ಈ ಮೂರು ಊರು ನಮ್ಮ ಉಪ್ಪನ ಬೇಕರಿಯ ಲೈನು. ಬೇಕರಿ ಇದ್ದದ್ದು ಮಕ್ತಲಿನಲ್ಲಿ. ಈಗ ತೆಲಂಗಾಣವಾದರೂ ಕೃಷ್ಣಾ ನದಿ ದಾಟಿದರೆ ರಾಯಚೂರು, ಗಿರಾಕಿಗಳಲ್ಲಿ ಎಷ್ಟೋ ಮಂದಿ ಕನ್ನಡದವರೇ. ಮಂಗಳೂರು ಕಡೆಯಿಂದ ಹೋದ ನಮಗೆ ಅಲ್ಲಿ ಭಾಷೆಯ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಗಾಡಿಯದ್ದು.

ಗಾಡಿ ಹಳೆಯ ಪೆಟ್ರೋಲ್ ಅಂಬಾಸಿಡರ್, 1489 ಸಿಸಿ ಇಂಜಿನ್. ಹಿಂದಿನ ಸೀಟು ತೆಗೆದು ಬನ್ನು, ಖಾರಿ, ರಸ್ಕಿನ ಟ್ರೇ ಇಡುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಬಾನೆಟ್ಟಿನೊಳಗೆ ಟಕ್ ಟಕ್ ಸದ್ದು ಶುರುವಾಯಿತು. ಒಂದು ಗ್ಯಾರೇಜಿನವರು ಹತ್ತು ನಿಮಿಷದಲ್ಲಿ ಟ್ಯಾಪೆಟ್ ಟೈಟ್ ಮಾಡಿ ಕಳಿಸಿದರು. ಸದ್ದು ನಿಂತಿತು, ಉಪ್ಪನಿಗೆ ಖುಷಿ. ಆದರೆ ಜುರಾಲಾ ಅಣೆಕಟ್ಟಿನ ದಾರಿಯಲ್ಲಿ ಗದ್ವಾಲಕ್ಕೆ ಹೋಗುವಾಗ ಗಾಡಿಗೆ ಎಳೆತವೇ ಇಲ್ಲ. ಬಿಸಿಯಾದ ಮೇಲೆ ಬಂದ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು.

ಗದ್ವಾಲದಲ್ಲಿ ಒಬ್ಬರು ವಯಸ್ಸಾದ ಮಿಸ್ತ್ರಿ ಇದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಮಗೆ ಉಸ್ತಾದ್ ಎಂದರೆ ಮದ್ರಸದಲ್ಲಿ ಕಲಿಸುವವರು, ಆ ಕಡೆ ಪಾನಾ ಹಿಡಿದವರೂ ಉಸ್ತಾದರೇ! ಅವರು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದರು. "ಸದ್ದು ಮುಚ್ಚ್ಯಾರ್ರೀ, ರೋಗ ಹಂಗೇ ಐತಿ" ಅಂದರು.

ವಾಲ್ವ್ ಬಿಸಿಯಾದಾಗ ಉದ್ದವಾಗುತ್ತದೆ. ಅದಕ್ಕೇ ರಾಕರ್ ಮತ್ತು ವಾಲ್ವಿನ ನಡುವೆ ಕೂದಲೆಳೆಯಷ್ಟು ಸಂದು ಬಿಡುವುದು. ಸದ್ದು ಅಡಗಿಸಲು ಆ ಸಂದನ್ನೇ ಮುಚ್ಚಿದರೆ ವಾಲ್ವ್ ಪೂರ್ತಿ ಕೂರುವುದಿಲ್ಲ. ಕೂತಾಗಲೇ ಅದರ ಬಿಸಿ ಹೆಡ್ಡಿಗೆ ಇಳಿಯಬೇಕು. ಇಳಿಯದಿದ್ದರೆ ಎಕ್ಸಾಸ್ಟ್ ವಾಲ್ವಿನ ಅಂಚು ಸುಡುತ್ತದೆ.

ತಂಗಿಯ ಮದುವೆಗೆ ಎರಡು ತಿಂಗಳು ಉಳಿದಿತ್ತು. "ಕ್ಯಾಮ್ ಶಾಫ್ಟ್ ಹೋಗಿದ್ದರೆ ಗುಜರಿಗೆ ಕೊಡುವ, ಗದ್ವಾಲದ ಲೈನು ಬಿಡುವ" ಎಂದರು ಉಪ್ಪ. ಆ ಲೈನಿನ ದುಡ್ಡಿನಲ್ಲೇ ನಮ್ಮ ಮನೆ ಬಾಡಿಗೆ ನಡೆಯುತ್ತಿತ್ತು.

ಉಸ್ತಾದ್ ಮೊದಲು ರೇಡಿಯೇಟರಿನ ನೀರು ಖಾಲಿ ಮಾಡಿಸಿದರು. ಟ್ಯಾಪೆಟ್‌ಗೂ ನೀರಿಗೂ ಏನು ಸಂಬಂಧ ಎಂದು ಕೇಳಿದೆ. ಈ ಇಂಜಿನ್ನಿನಲ್ಲಿ ರಾಕರ್ ಹಿಡಿದಿರುವ ಕೆಲವು ನಟ್ಟುಗಳೇ ಹೆಡ್ಡನ್ನೂ ಹಿಡಿದಿವೆ. ಅದಕ್ಕೆ ಹೆಡ್ಡಿನ ಎಲ್ಲಾ ನಟ್ಟುಗಳನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಇಲ್ಲವಾದರೆ ಹೆಡ್ಡು ಸೊಟ್ಟಗಾಗುತ್ತದೆ. ಆಮೇಲೆ ಕಾರ್ಬುರೇಟರ್, ಮ್ಯಾನಿಫೋಲ್ಡ್ ಬಿಚ್ಚಿದರೆ ಇಂಜಿನ್ನಿನ ಪಕ್ಕದಲ್ಲಿ ಎರಡು ತಗಡಿನ ಮುಚ್ಚಳ. ಅವುಗಳ ಹಿಂದೆ ಎಂಟು ಟ್ಯಾಪೆಟ್‌ಗಳು, ಸಣ್ಣ ಲೋಟಗಳ ಹಾಗೆ. ಪುಶ್‌ರಾಡ್ ಎತ್ತಿ, ಕೈ ಹಾಕಿ ಒಂದೊಂದಾಗಿ ತೆಗೆದರು. ಒಂದು ರಟ್ಟಿಗೆ ಎಂಟು ತೂತು ಮಾಡಿ ನಂಬರ್ ಹಾಕಿ ಜೋಡಿಸಿದರು.

ಕೆಳಗಿನ ಮುಖ ನೋಡಿದರೆ ಮೂರರಲ್ಲಿ ಸಿಡುಬಿನ ಕಲೆಯಂಥ ಗುಂಡಿಗಳು. ಹೊಸ ಟ್ಯಾಪೆಟಿನ ಆ ಮುಖ ಸಪಾಟಾಗಿ ಕಂಡರೂ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಕ್ಯಾಮ್ ಅದನ್ನು ನಡುವಿನಲ್ಲಿ ಅಲ್ಲ, ತುಸು ಪಕ್ಕದಲ್ಲಿ ಮುಟ್ಟುತ್ತದೆ. ಅದರಿಂದ ಟ್ಯಾಪೆಟ್ ಏರಿಳಿಯುತ್ತಾ ಬುಗುರಿಯಂತೆ ತಿರುಗುತ್ತದೆ, ಸವೆತ ಒಂದೇ ಕಡೆ ಬೀಳುವುದಿಲ್ಲ. ತಿರುಗುವುದು ನಿಂತರೆ ಕ್ಯಾಮನ್ನೂ ತಿನ್ನತೊಡಗುತ್ತದೆ.

ನಾನು ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸಿದೆ. ಉಸ್ತಾದ್ ಟಾರ್ಚ್ ಹಿಡಿದು ಒಂದೊಂದು ಕ್ಯಾಮಿನ ಮೇಲೂ ಉಗುರು ಎಳೆದರು. ಉಪ್ಪ ಮಾತ್ರ ಸ್ಟೂಲಿನ ಮೇಲೆ ಕೂತು ಅವರ ಮುಖವನ್ನೇ ನೋಡುತ್ತಿದ್ದರು. ಎಂಟೂ ಆದ ಮೇಲೆ ಉಸ್ತಾದ್ ಕೈ ಒರೆಸಿಕೊಂಡು "ಕ್ಯಾಮ್ ಉಳದೈತಿ ಭಾಯ್, ಟ್ಯಾಪೆಟ್ ಎಂಟೂ ಹೊಸಾವು ತರ್ರಿ" ಎಂದರು. ಮೂರು ಸಾಲದೇ ಎಂದು ಉಪ್ಪ ಚೌಕಾಸಿಗೆ ಇಳಿದರು, ಉಸ್ತಾದ್ ಒಪ್ಪಲಿಲ್ಲ. ನಾನು ಸಿಕಂದರಾಬಾದಿನ ರಾಣಿಗಂಜ್‌ಗೆ ಬಸ್ಸಿನಲ್ಲಿ ಹೋಗಿ ಸೆಟ್ಟು ತಂದೆ.

ಹೊಸವನ್ನು ಒಂದೊಂದು ತೂತಿಗೂ ಹಾಕಿ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆಯೇ, ಬೆರಳಿನಲ್ಲಿ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿದರು. ಅಡಿಗೆ ದಪ್ಪ ಗ್ರೀಸ್ ಸವರಿದರು. ಸಂದು ಅಳೆಯುವಾಗ ನನಗೆ ಒಂಬತ್ತರ ಲೆಕ್ಕ ಕಲಿಸಿದರು. ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಅಳೆಯಬೇಕು, ಏಳು ತೆರೆದಾಗ ಎರಡು, ಆರು ತೆರೆದಾಗ ಮೂರು. ಕೂಡಿದರೆ ಯಾವಾಗಲೂ ಒಂಬತ್ತು. ಬ್ಯಾರಿ ಮಕ್ಕಳಿಗೆ ವ್ಯಾಪಾರದ ಲೆಕ್ಕ ಹೇಳಿಕೊಡಬೇಕಿಲ್ಲ ಅನ್ನುತ್ತಾರೆ. ಈ ಲೆಕ್ಕ ನನಗೆ ಹೊಸದು.

ಸ್ಟಾರ್ಟ್ ಆದ ಕೂಡಲೇ ಐಡಲ್‌ನಲ್ಲಿ ಬಿಡಲಿಲ್ಲ. ಇಪ್ಪತ್ತು ನಿಮಿಷ ಎಕ್ಸಲೇಟರ್ ಒತ್ತಿ ಹಿಡಿಸಿದರು. ಕ್ಯಾಮಿಗೆ ಎಣ್ಣೆ ಚಿಮ್ಮಬೇಕಾದರೆ ಇಂಜಿನ್ ಜೋರಾಗಿ ತಿರುಗಬೇಕು, ಹೊಸ ಮುಖಗಳು ಕ್ಯಾಮಿಗೆ ಹೊಂದಿಕೊಳ್ಳುವ ಹೊತ್ತು ಅದು. ಆಮೇಲೆ ವೇಗ ಇಳಿಸಿ ರಾಕರ್ ಕವರ್ ತೆಗೆದು ತೋರಿಸಿದರು: ಎಂಟು ಪುಶ್‌ರಾಡ್‌ಗಳೂ ಮೆಲ್ಲಗೆ ತಿರುಗುತ್ತಿದ್ದವು. ಸಣ್ಣದೊಂದು ಟಿಕ್ ಟಿಕ್ ಉಳಿದಿತ್ತು. ಉಪ್ಪನ ಹುಬ್ಬು ಮೇಲೇರಿತು. "ಇದು ಇರಬೇಕ್ರೀ" ಎಂದರು ಉಸ್ತಾದ್.

ಮನೆಯಲ್ಲಿ ಹೊಸ ಕಾರಿರುವವರು ಇದನ್ನು ಹಾಗೆಯೇ ನಂಬಬೇಡಿ. ಈಗಿನ ಅನೇಕ ಇಂಜಿನ್ನುಗಳಲ್ಲಿ ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುತ್ತದೆ. ಅಲ್ಲಿ ಸದ್ದು ಬಂದರೆ ಮೊದಲು ಎಣ್ಣೆಯ ಮಟ್ಟ, ಎಣ್ಣೆಯ ಒತ್ತಡ ನೋಡಿಸಿ.

ಮರುದಿನ ನಾರಾಯಣಪೇಟೆಯ ಲೈನು. ಐನೂರು ಕಿಲೋಮೀಟರ್ ಓಡಿದ ಮೇಲೆ ಎಣ್ಣೆ ಬದಲಿಸಿ ಸಂದು ಇನ್ನೊಮ್ಮೆ ಅಳೆದೆವು. ಹೆಡ್ಡಿನ ನಟ್ಟುಗಳನ್ನೂ ಉಸ್ತಾದ್ ಮತ್ತೊಮ್ಮೆ ಬಿಗಿದರು, ಆ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಉಪ್ಪ ಒಂದು ಟ್ರೇ ಖಾರಿ ಇಳಿಸಿ ಬಂದರು.